ಮಣ್ಣಿನೊಳಗಿನ ಮುಯ್ಯಾಳುಗಳು

(ಹಲಸೂರಿನ ಒಂದು ಕಲಿಕಾ ಕೇಂದ್ರದಲ್ಲಿ ಮಹಿಳೆಯರ ಮುಂದೆ ಆಡಿದ ಮಾತು)



ಇವತ್ತು ಒಂದು ಪದದಿಂದ ಶುರು ಮಾಡೋಣ. ಹಲಗೆ ಮೇಲೆ ಬರೆದಿದ್ದೀನಿ, ನೋಡಿ. ‘ವಿಷ’. ಎರಡೇ ಅಕ್ಷರ. ವಿ, ಷ. ಇಲ್ಲಿ ಬಂದಿರೋದು ‘ಶ’ ಅಲ್ಲ, ಹೊಟ್ಟೆ ಸೀಳಿದ ‘ಷ’. ಎಲ್ಲರೂ ಒಂದು ಸಲ ಜೋರಾಗಿ ಓದಿ. ಸರಿ. ಈ ಪದ ಓದೋಕೆ ಬಂದರೆ ಒಂದು ಜೀವ ಉಳಿಯಬಹುದು. ಅದು ಹೇಗೆ ಅಂತ ಆಮೇಲೆ ಹೇಳ್ತೀನಿ.

ಮೊದಲು ಒಂದು ಪ್ರಶ್ನೆ. ಬೆಳಿಗ್ಗೆ ನೀವು ಸಾರಿಗೆ ಹಾಕಿದ ಟೊಮೊಟೊ ಎಲ್ಲಿಂದ ಬಂತು? ಮಾರ್ಕೆಟ್ಟಿಂದ ಬಂತು ಅಂತೀರಿ. ನಿಜ. ಶಿವಾಜಿನಗರದ ರಸೆಲ್ ಮಾರ್ಕೆಟ್ಟಿಗೆ, ಹಲಸೂರು ಮಾರ್ಕೆಟ್ಟಿಗೆ, ಕೆ.ಆರ್. ಪುರದ ಸಂತೆಗೆ ಅದು ಬಂದದ್ದು ಎಲ್ಲಿಂದ? ಕೋಲಾರದಿಂದ, ಮಾಲೂರಿಂದ, ಹೊಸಕೋಟೆಯಿಂದ. ಎಲೆಕೋಸು, ಹೂಕೋಸು, ಬೀನ್ಸ್, ಕೊತ್ತಂಬರಿ, ನೀವು ಮಾಲೆ ಕಟ್ಟುವ ಗುಲಾಬಿ ಎಲ್ಲವೂ ಆ ಕಡೆಯಿಂದಲೇ ಬರುತ್ತೆ.

ನಮಗೆ ಇಷ್ಟವಾದ ಟೊಮೊಟೊ ಹುಳಕ್ಕೂ ಇಷ್ಟ. ಹುಳ ತಿಂದ ಕಾಯಿಯನ್ನು ನೀವೂ ಕೊಳ್ಳುವುದಿಲ್ಲ, ನಾನೂ ಕೊಳ್ಳುವುದಿಲ್ಲ. ಬುಟ್ಟಿಯಲ್ಲಿ ಪಕ್ಕಕ್ಕೆ ಸರಿಸಿ ಒಳ್ಳೇದನ್ನು ಆರಿಸಿಕೊಳ್ತೀವಿ. ಹಾಗಾಗಿ ರೈತ ಔಷಧಿ ಹೊಡೀತಾನೆ. ಹಳ್ಳಿಯಲ್ಲಿ ಅದಕ್ಕೆ ‘ಔಷಧಿ’ ಅಂತಲೇ ಹೆಸರು. ಈ ಹೆಸರು ನನಗೆ ಒಪ್ಪಿಗೆಯಿಲ್ಲ. ಔಷಧಿ ಅಂದರೆ ಕಾಯಿಲೆ ವಾಸಿ ಮಾಡೋದು. ಇದು ಕೊಲ್ಲೋದು. ಇದರ ಸರಿಯಾದ ಹೆಸರು ಕೀಟನಾಶಕ. ಕೀಟವನ್ನು ನಾಶ ಮಾಡುವ ವಿಷ.

ಹೊಡೆದ ವಿಷವೆಲ್ಲ ಹುಳದ ಮೈಮೇಲೆ ಬೀಳುತ್ತಾ? ಇಲ್ಲ. ಸ್ವಲ್ಪ ಹುಳಕ್ಕೆ ಹೋಗುತ್ತೆ. ಸ್ವಲ್ಪ ಎಲೆಗೆ, ಕಾಯಿಗೆ ಅಂಟುತ್ತೆ. ಸ್ವಲ್ಪ ಗಾಳಿಗೆ ಹೋಗುತ್ತೆ. ಹೊಡೆಯುವವನ ಅಂಗಿಗೆ, ಚರ್ಮಕ್ಕೆ ತಾಗುತ್ತೆ. ಆ ಅಂಗಿ ಒಗೆಯುವ ಹೆಂಡತಿಯ ಕೈಗೂ ಬರುತ್ತೆ. ಉಳಿದದ್ದು ಮಣ್ಣಿಗೆ ಬೀಳುತ್ತೆ. ಮಳೆ ಬಂದರೆ ಮಣ್ಣಿಂದ ಬಾವಿಗೆ, ಕೆರೆಗೆ.

ಹಾಗಾದರೆ ಮಣ್ಣಿಗೆ ಬಿದ್ದ ವಿಷ ಅಲ್ಲೇ ಇರುತ್ತಾ? ಯಾವತ್ತಾದರೂ ಹೋಗುತ್ತಾ? ಇವತ್ತಿನ ಮಾತು ಅದರ ಬಗ್ಗೆ.

ವಿಷ ಹೋಗದೆ ಉಳಿದರೆ ಏನಾಗುತ್ತೆ ಅನ್ನೋದನ್ನು ಕನ್ನಡದ ಜನ ಕಣ್ಣಾರೆ ಕಂಡಿದ್ದಾರೆ. ಕಾಸರಗೋಡು ಗೊತ್ತಲ್ಲ? ಕೇರಳದಲ್ಲಿದೆ. ಆದರೆ ಅಲ್ಲಿ ಕನ್ನಡ, ತುಳು ಮಾತಾಡುವವರು ಬಹಳ ಮಂದಿ. ಅಲ್ಲಿನ ಗುಡ್ಡಗಳ ಮೇಲೆ ಸರ್ಕಾರಿ ನಿಗಮದ ಗೋಡಂಬಿ ತೋಟಗಳಿವೆ. ಗೋಡಂಬಿಗೆ ಒಂದು ಸೊಳ್ಳೆಯಂಥ ಕೀಟ ಬೀಳುತ್ತೆ. ಅದನ್ನು ಕೊಲ್ಲಲು ಸುಮಾರು 20 ವರ್ಷ, 2000ದವರೆಗೂ, ಹೆಲಿಕಾಪ್ಟರಿನಿಂದ ‘ಎಂಡೋಸಲ್ಫಾನ್’ ಎಂಬ ವಿಷ ಹೊಯ್ದರು. ತೋಟದ ಕೆಳಗೇ ಮನೆಗಳು, ಬಾವಿಗಳು, ತೋಡುಗಳು. ಮೇಲಿಂದ ಬಿದ್ದ ವಿಷ ಮನೆ ಬಾವಿಗೆ ಬೀಳದೆ ಇನ್ನೆಲ್ಲಿಗೆ ಬೀಳುತ್ತೆ?

ಮೊದಲು ಕರುಗಳು ವಿಕಾರವಾಗಿ ಹುಟ್ಟಿದವು. ಪಡ್ರೆ ಎಂಬ ಊರಿನ ಶ್ರೀಪಡ್ರೆ ಅವರು ಪತ್ರಕರ್ತರು, ಕೃಷಿ ಬಗ್ಗೆ ಬರೆಯುವವರು. ಅವರು ಇದನ್ನು ಆಗಲೇ ಗಮನಿಸಿ ಬರೆದರು. ಆಮೇಲೆ ಮಕ್ಕಳಲ್ಲೂ ಕಾಣಿಸಿತು. ತಲೆ ದೊಡ್ಡದಾದ ಮಕ್ಕಳು, ಕೈಕಾಲು ಸೊಟ್ಟಗಾದ ಮಕ್ಕಳು, ಬುದ್ಧಿ ಬೆಳೆಯದ ಮಕ್ಕಳು, ಪಿಟ್ಸ್ ಬರುವ ಮಕ್ಕಳು. ಅಲ್ಲಿನ ವೈದ್ಯರಾದ ಡಾ. ವೈ.ಎಸ್. ಮೋಹನ ಕುಮಾರ್ ಅವರು, ಒಂದೇ ಊರಿನಲ್ಲಿ ಇಷ್ಟು ಕಾಯಿಲೆ ಯಾಕೆ ಅಂತ ಮನೆಮನೆಯ ಲೆಕ್ಕ ಬರೆದಿಟ್ಟರು. ಲೀಲಾಕುಮಾರಿ ಅಮ್ಮ ಎಂಬ ಹೆಣ್ಣುಮಗಳು 1998ರಲ್ಲಿ ಕೋರ್ಟಿಗೆ ಹೋದರು. ಅವರು ಕೃಷಿ ಇಲಾಖೆಯಲ್ಲೇ ಕೆಲಸದಲ್ಲಿದ್ದವರು. ಒಬ್ಬ ಹೆಂಗಸು ಒಂದು ನಿಗಮದ ಹೆಲಿಕಾಪ್ಟರನ್ನು ಕೆಳಗಿಳಿಸಿದಳು ಕಣ್ರೀ! ಕೊನೆಗೆ 2011ರ ಮೇ 13ರಂದು ಸುಪ್ರೀಂ ಕೋರ್ಟು ಇಡೀ ದೇಶದಲ್ಲಿ ಎಂಡೋಸಲ್ಫಾನ್ ತಯಾರಿ, ಮಾರಾಟ, ಬಳಕೆ ಎಲ್ಲವನ್ನೂ ನಿಲ್ಲಿಸಿತು. ಈ ಕಡೆ ನಮ್ಮ ದಕ್ಷಿಣ ಕನ್ನಡದಲ್ಲೂ, ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆ ಊರುಗಳಲ್ಲಿ ಇದೇ ಕಥೆ. ಹಾಸಿಗೆ ಹಿಡಿದ ಮಕ್ಕಳನ್ನು ಇವತ್ತಿಗೂ ತಾಯಂದಿರು ಎತ್ತಿ ಸ್ನಾನ ಮಾಡಿಸುತ್ತಿದ್ದಾರೆ. ಕೆಲವು ಮಕ್ಕಳಿಗೆ ಈಗ 30 ದಾಟಿದೆ.

ಅಷ್ಟು ದೂರ ಯಾಕೆ? ನಿಮ್ಮಲ್ಲಿ ವಯಸ್ಸಾದವರಿಗೆ ಗಮಾಕ್ಸಿನ್ ಪುಡಿ ನೆನಪಿರಬೇಕು. ಹೌದು, ತಲೆ ಆಡಿಸ್ತಿದ್ದೀರಿ. ಇರುವೆಗೆ, ತಿಗಣೆಗೆ ಹಾಕ್ತಿದ್ದೆವು. ಕೆಲವರು ಹೇನಿಗೆ ಅಂತ ಮಕ್ಕಳ ತಲೆಗೂ ಹಚ್ಚುತ್ತಿದ್ದರು. ಅದು ಬಿ.ಎಚ್.ಸಿ. ಎಂಬ ವಿಷ. ನಮ್ಮ ದೇಶದಲ್ಲಿ 1997ರಲ್ಲಿ ಅದನ್ನು ನಿಷೇಧಿಸಿದರು. ಈ ಬಿ.ಎಚ್.ಸಿ., ಡಿ.ಡಿ.ಟಿ., ಎಂಡೋಸಲ್ಫಾನ್ ಒಂದೇ ಜಾತಿಯವು. ಮೂರರಲ್ಲೂ ಕ್ಲೋರಿನ್ ಇದೆ. ಬೇಗ ಕರಗುವುದಿಲ್ಲ. ಕೊಬ್ಬಿನಲ್ಲಿ ಸೇರಿಕೊಳ್ಳುತ್ತವೆ. ಹಸುವಿನ ಹಾಲಿಗೆ, ತಾಯಿಯ ಹಾಲಿಗೂ ಬರುತ್ತವೆ. ಡಿ.ಡಿ.ಟಿ. ಒಂದು ಸಲ ಮಣ್ಣಿಗೆ ಬಿದ್ದರೆ ವರ್ಷಗಟ್ಟಲೆ ಇರುತ್ತೆ.

ವರ್ಷಗಟ್ಟಲೆ ಇರುತ್ತೆ ಅಂದೆ. ಸದಾಕಾಲ ಇರುತ್ತೆ ಅನ್ನಲಿಲ್ಲ. ನಿಧಾನವಾಗಿಯಾದರೂ ಅದು ಕಡಿಮೆಯಾಗುತ್ತೆ. ಸ್ವಲ್ಪ ಬಿಸಿಲಿಗೆ ಹೋಗುತ್ತೆ, ಸ್ವಲ್ಪ ನೀರಿಗೆ ಹೋಗುತ್ತೆ. ಆದರೆ ಮಣ್ಣಿನಲ್ಲಿ ಕೂತ ವಿಷವನ್ನು ಒಡೆಯುವ ದೊಡ್ಡ ಕೆಲಸ ಮಾಡೋರು ಬೇರೆ ಇದ್ದಾರೆ. ಅವರು ಕಣ್ಣಿಗೆ ಕಾಣೋದಿಲ್ಲ. ಅವೇ ಬ್ಯಾಕ್ಟೀರಿಯಾ.

ಬ್ಯಾಕ್ಟೀರಿಯಾ ಅಂದರೆ ನೀವು ಮುಖ ಸಿಂಡರಿಸುತ್ತೀರಿ. ರೋಗ ತರುವ ಕ್ರಿಮಿ ಅಂತ ಕೇಳಿದ್ದೀರಿ. ಕೆಲವು ತರುತ್ತವೆ, ಸುಳ್ಳಲ್ಲ. ಟೈಫಾಯಿಡ್, ಕಾಲರಾ, ಕ್ಷಯ ಅವುಗಳಿಂದಲೇ. ಆದರೆ ಬಹುಪಾಲು ಬ್ಯಾಕ್ಟೀರಿಯಾ ಪಾಡಿಗೆ ತಾವು ಬದುಕುವಂಥವು. ನೀವು ರಾತ್ರಿ ಹಾಲಿಗೆ ಹೆಪ್ಪು ಹಾಕ್ತೀರಲ್ಲ, ಅದರಲ್ಲಿರೋದು ಏನು? ಬ್ಯಾಕ್ಟೀರಿಯಾ. ಒಂದು ಚಮಚ ಹೆಪ್ಪು ಒಂದು ಪಾತ್ರೆ ಹಾಲನ್ನು ಮೊಸರು ಮಾಡುತ್ತೆ. ಯಾಕೆಂದರೆ ಅವು ರಾತ್ರಿಯೆಲ್ಲ ತಿಂದು, ಒಂದು ಎರಡಾಗಿ, ಎರಡು ನಾಲ್ಕಾಗಿ, ನಾಲ್ಕು ಎಂಟಾಗಿ ಬೆಳೆಯುತ್ತವೆ. ಎಷ್ಟು ಸಣ್ಣವು ಗೊತ್ತಾ? ಒಂದು ಸಾಸಿವೆ ಕಾಳಿನ ಅಗಲಕ್ಕೆ ಸಾಲಾಗಿ ನಿಲ್ಲಿಸಿದರೆ ಸಾವಿರ ಹಿಡಿಯುತ್ತವೆ. ಒಂದು ಚಿಟಿಕೆ ಒಳ್ಳೆ ಮಣ್ಣಿನಲ್ಲಿ ಕೋಟಿಗಟ್ಟಲೆ ಇರುತ್ತವೆ. ಬೆಂಗಳೂರಿನ ಜನಸಂಖ್ಯೆಗಿಂತ ಹೆಚ್ಚು ಜೀವ ನಿಮ್ಮ ತುಳಸಿ ಕುಂಡದಲ್ಲಿದೆ.

ಇಡ್ಲಿ ಹಿಟ್ಟು ನೋಡಿ. ಅದಕ್ಕೆ ಹೆಪ್ಪು ಹಾಕೋದೇ ಇಲ್ಲ. ಆದರೂ ಬೆಳಿಗ್ಗೆ ಉಬ್ಬಿರುತ್ತೆ, ಹುಳಿ ಬಂದಿರುತ್ತೆ. ಅಕ್ಕಿ, ಉದ್ದಿನ ಜೊತೆಗೇ ಬಂದ ಬ್ಯಾಕ್ಟೀರಿಯಾ ಕೆಲಸ ಮಾಡಿವೆ. ಅಲ್ಲಿ ಒಂದೇ ಜಾತಿ ಇಲ್ಲ. ಒಂದು ಜಾತಿ ಮೊದಲು ಶುರು ಮಾಡಿ ಹಿಟ್ಟನ್ನು ಉಬ್ಬಿಸುತ್ತೆ, ಹುಳಿ ಮಾಡುತ್ತೆ. ಹುಳಿ ಜಾಸ್ತಿಯಾದಾಗ ಅದನ್ನು ತಡೆಯುವ ಬೇರೆ ಜಾತಿಗಳು ಮುಂದೆ ಬರುತ್ತವೆ. ಒಂದು ಹದ ಮಾಡಿದ ಜಾಗದಲ್ಲಿ ಇನ್ನೊಂದು ಬೆಳೆಯುತ್ತೆ.

ಈಗ ವಿಷದ ಮಾತಿಗೆ ಬರೋಣ. ಶಿವಾಜಿನಗರದವರು ಇಲ್ಲಿ ಯಾರಿದ್ದೀರಿ? ನಿಮ್ಮ ಕಡೆ ಗುಜರಿ ಅಂಗಡಿಗಳಿವೆ. ಹಳೇ ಕಾರು ತಂದು ನಿಲ್ಲಿಸಿದರೆ ಏನು ಮಾಡ್ತಾರೆ? ಒಬ್ಬ ಬಾಗಿಲು ಬಿಚ್ಚುತ್ತಾನೆ. ಒಬ್ಬ ಎಂಜಿನ್ ಇಳಿಸುತ್ತಾನೆ. ಒಬ್ಬ ವೈರ್ ಎಳೆದು ತಾಮ್ರ ತೆಗೀತಾನೆ. ಇನ್ನೊಬ್ಬ ಸೀಟಿನ ಬಟ್ಟೆ ಒಯ್ಯುತ್ತಾನೆ. ಕೊನೆಗೆ ತಗಡು ಮಾತ್ರ ಉಳಿಯುತ್ತೆ, ಅದೂ ತೂಕಕ್ಕೆ ಹೋಗುತ್ತೆ. ಬಾಗಿಲು ಬಿಚ್ಚುವವನಿಗೆ ಎಂಜಿನ್ ಕೆಲಸ ಬರದೇ ಇರಬಹುದು. ಆದರೆ ಅವನು ಬಾಗಿಲು ಬಿಚ್ಚದಿದ್ದರೆ ಮಿಕ್ಕವರಿಗೆ ಕೈ ಹಾಕಲು ಜಾಗವಿಲ್ಲ.

ವಿಷವೂ ಹಾಗೇ. ಅದು ಸಣ್ಣ ಸಣ್ಣ ಭಾಗಗಳನ್ನು ಜೋಡಿಸಿ ಮಾಡಿದ ವಸ್ತು. ಆ ಭಾಗಗಳಲ್ಲಿ ಇಂಗಾಲ ಇದೆ, ರಂಜಕ ಇದೆ, ಗಂಧಕ ಇದೆ. ಇವೆಲ್ಲ ಬ್ಯಾಕ್ಟೀರಿಯಾಕ್ಕೆ ಬೇಕಾದ ಆಹಾರವೇ. ಜೋಡಣೆ ಬಿಚ್ಚಿದರೆ ಊಟ ಸಿಗುತ್ತೆ. ಬಿಚ್ಚೋಕೆ ಅವುಗಳ ಹತ್ತಿರ ಕತ್ತರಿ ಇದೆ. ಆ ಕತ್ತರಿಗೆ ‘ಕಿಣ್ವ’ ಅಂತ ಹೆಸರು. ಆದರೆ ಒಂದೇ ಬ್ಯಾಕ್ಟೀರಿಯಾ ಹತ್ತಿರ ಎಲ್ಲ ಕತ್ತರಿಯೂ ಇರುವುದು ಅಪರೂಪ. ಹಾಗಾಗಿ ಜೊತೆ ಬೇಕು.

ಇದನ್ನು ತೋರಿಸಿಕೊಟ್ಟ ಒಂದು ಒಳ್ಳೆ ಪ್ರಯೋಗ ಹೇಳ್ತೀನಿ. 1977ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಡಾಟನ್ ಮತ್ತು ಶೇ ಎಂಬ ಇಬ್ಬರು ವಿಜ್ಞಾನಿಗಳು ಇದರ ವಿವರ ಪ್ರಕಟಿಸಿದರು. ‘ಪ್ಯಾರಾಥಿಯಾನ್’ ಎಂಬ ಕಡುವಿಷ ಇತ್ತು. ನಮ್ಮ ದೇಶದಲ್ಲಿ ಈಗ ಅದು ನಿಷೇಧವಾಗಿದೆ. ಒಂದು ಪಾತ್ರೆಯಲ್ಲಿ ಪ್ಯಾರಾಥಿಯಾನನ್ನು ಆಹಾರವಾಗಿ ಕೊಟ್ಟು ಬ್ಯಾಕ್ಟೀರಿಯಾಗಳ ಗುಂಪನ್ನು ಬೆಳೆಸಿದರು. ಯಾರು ತಿನ್ನುತ್ತಿದ್ದಾರೆ ಅಂತ ನೋಡಿದರೆ ಮುಖ್ಯವಾಗಿ ಇಬ್ಬರು. ಸುಲಭವಾಗಲಿ ಅಂತ ಒಬ್ಬಳನ್ನು ದೊಡ್ಡಕ್ಕ, ಇನ್ನೊಬ್ಬಳನ್ನು ಚಿಕ್ಕಕ್ಕ ಅಂತ ಕರೆಯೋಣ.

ದೊಡ್ಡಕ್ಕನ ಹತ್ತಿರ ಕತ್ತರಿ ಇದೆ. ಅವಳು ಪ್ಯಾರಾಥಿಯಾನನ್ನು ಎರಡು ತುಂಡು ಮಾಡುತ್ತಾಳೆ. ಕಡುವಿಷ ಹೋಯಿತು. ಆದರೆ ಅವಳಿಗೆ ಆ ಎರಡು ತುಂಡನ್ನೂ ತಿನ್ನೋಕೆ ಬರೋದಿಲ್ಲ! ಕೆಲಸ ಮಾಡಿ ಹಸಿದು ಕೂತಳು. ಅದರಲ್ಲಿ ಒಂದು ತುಂಡು ಹಳದಿ ಬಣ್ಣದ್ದು. ಅದೂ ವಿಷವೇ. ಅದು ಪಾತ್ರೆಯಲ್ಲಿ ತುಂಬಿಕೊಂಡರೆ ಎಲ್ಲರಿಗೂ ತೊಂದರೆ.

ಚಿಕ್ಕಕ್ಕನ ಹತ್ತಿರ ಆ ಕತ್ತರಿ ಇಲ್ಲ. ಪ್ಯಾರಾಥಿಯಾನ್ ಮುಂದಿಟ್ಟರೆ ಅವಳಿಗೆ ಏನೂ ಮಾಡೋಕಾಗಲ್ಲ. ಆದರೆ ಹಳದಿ ತುಂಡನ್ನು ಅವಳು ಗಬಗಬ ತಿನ್ನುತ್ತಾಳೆ. ತಿಂದು ಬೆಳೆಯುತ್ತಾಳೆ. ಬೆಳೆಯುವಾಗ ಅವಳ ಮೈಯಿಂದ ಒಂದಿಷ್ಟು ಆಹಾರ ಹೊರಗೆ ಸೋರುತ್ತೆ. ಸತ್ತವರ ಮೈಯೂ ಕರಗುತ್ತೆ. ಅದನ್ನು ತಿಂದು ದೊಡ್ಡಕ್ಕ ಬದುಕುತ್ತಾಳೆ. ಬದುಕಿ ಮತ್ತೆ ಕತ್ತರಿ ಹಿಡಿಯುತ್ತಾಳೆ.

ಇದಕ್ಕೆ ನಮ್ಮ ಹಳ್ಳಿಯಲ್ಲಿ ಒಂದು ಪದ ಇದೆ. ಮುಯ್ಯಾಳು. ಇವತ್ತು ನಿಮ್ಮ ಹೊಲದ ಕಳೆಗೆ ನಾನು ಬರ್ತೀನಿ, ನಾಳೆ ನನ್ನ ಹೊಲದ ಕೊಯ್ಲಿಗೆ ನೀವು ಬನ್ನಿ. ಕೈಗೆ ದುಡ್ಡಿಲ್ಲ, ಲೆಕ್ಕಕ್ಕೆ ಪುಸ್ತಕವಿಲ್ಲ. ಆದರೂ ಎರಡೂ ಹೊಲದ ಕೆಲಸ ಆಗುತ್ತೆ. ಬ್ಯಾಕ್ಟೀರಿಯಾಗಳಿಗೆ ಬುದ್ಧಿ, ಸ್ನೇಹ, ಕರುಣೆ ಏನೂ ಇಲ್ಲ. ತಮ್ಮ ಹೊಟ್ಟೆ ನೋಡಿಕೊಳ್ಳುತ್ತವೆ, ಅಷ್ಟೇ. ಆದರೆ ಒಬ್ಬರ ಎಂಜಲು ಇನ್ನೊಬ್ಬರ ಊಟವಾದಾಗ ಕೆಲಸ ತಾನಾಗಿ ಹಂಚಿಹೋಗುತ್ತೆ.

ಒಡೆಯುವ ವಿದ್ಯೆ ಅವುಗಳಿಗೆ ಎಲ್ಲಿಂದ ಬಂತು? ಕಾರ್ಖಾನೆಯಲ್ಲಿ ಮಾಡಿದ ವಿಷ ಮಣ್ಣಿಗೆ ಹೊಸದು. ಮೊದಲು ಯಾರಿಗೂ ಅದನ್ನು ತಿಂದು ಗೊತ್ತಿಲ್ಲ. ವರ್ಷ ವರ್ಷ ಅದೇ ವಿಷ ಬೀಳುತ್ತಿದ್ದರೆ ಕೋಟಿ ಕೋಟಿ ಬ್ಯಾಕ್ಟೀರಿಯಾದಲ್ಲಿ ಯಾವುದೋ ಒಂದಕ್ಕೆ ಸ್ವಲ್ಪ ಹೊಂದುವ ಕತ್ತರಿ ಇರುತ್ತೆ. ಅದಕ್ಕೆ ಮಿಕ್ಕವರಿಗಿಂತ ಹೆಚ್ಚು ಊಟ ಸಿಗುತ್ತೆ. ಅದರ ಸಂತತಿ ಹೆಚ್ಚುತ್ತೆ. ಇನ್ನೊಂದು ವಿಚಿತ್ರ ಇದೆ. ಕತ್ತರಿ ಮಾಡುವ ವಿದ್ಯೆ ಬ್ಯಾಕ್ಟೀರಿಯಾದ ಮೈಯಲ್ಲಿ ಒಂದು ಸಣ್ಣ ಬಳೆಯಂಥ ಉಂಗುರದಲ್ಲಿ ಇರುವುದುಂಟು. ಆ ಬಳೆಯ ಪ್ರತಿ ಮಾಡಿ ಪಕ್ಕದವರಿಗೆ ಕೊಡುತ್ತವೆ. ಬೇರೆ ಜಾತಿಗೂ ಕೊಡುತ್ತವೆ. ನಾವು ಪಕ್ಕದ ಮನೆಯವರಿಂದ ಬಿರಿಯಾನಿ ಮಾಡೋದು ಕಲಿತು, ಅವರಿಗೆ ಬಸ್ಸಾರು ಹೇಳಿಕೊಡೋದಿಲ್ಲವೇ, ಹಾಗೆ.

ಇದನ್ನು ಗದ್ದೆಯಲ್ಲಿ ಕಂಡುಹಿಡಿದವರಲ್ಲಿ ನಮ್ಮ ದೇಶದವರೇ ಒಬ್ಬರಿದ್ದಾರೆ. ಅವರ ಹೆಸರು ಎನ್. ಸೇತುನಾಥನ್. ಒಡಿಶಾದ ಕಟಕ್‌ನಲ್ಲಿರುವ ಭತ್ತದ ಸಂಶೋಧನಾ ಕೇಂದ್ರದ ವಿಜ್ಞಾನಿ. ಅವರು ಫಿಲಿಪ್ಪೀನ್ಸ್ ದೇಶದಲ್ಲಿ ಕೆಲಸ ಮಾಡುತ್ತಿದ್ದಾಗ ಅಲ್ಲಿನ ಗದ್ದೆಗಳಿಗೆ ಒಂದೇ ಕೀಟನಾಶಕವನ್ನು ಮತ್ತೆ ಮತ್ತೆ ಹಾಕುತ್ತಿದ್ದರು. ಬರಬರುತ್ತಾ ಅದು ಗದ್ದೆ ನೀರಿನಲ್ಲಿ ಬೇಗ ಬೇಗ ಮಾಯವಾಗುತ್ತಿತ್ತು. ಯಾಕೆ ಅಂತ ಹುಡುಕಿದರು. ಗದ್ದೆಯಲ್ಲಿ ಅದನ್ನು ತಿನ್ನುವ ಬ್ಯಾಕ್ಟೀರಿಯಾ ಬೆಳೆದುಬಿಟ್ಟಿತ್ತು. 1973ರಲ್ಲಿ ಈ ವಿಷಯ ಪ್ರಕಟವಾಯಿತು. ರೈತನಿಗೆ ಇದು ನಷ್ಟ ಅನ್ನಿಸಬಹುದು. ದುಡ್ಡು ಕೊಟ್ಟ ವಿಷ ಹುಳ ಸಾಯುವ ಮೊದಲೇ ಖಾಲಿ! ಮಣ್ಣಿಗೆ ಮಾತ್ರ ಅದು ಲಾಭ.

ನಮ್ಮ ರಾಜ್ಯದಲ್ಲೂ ಈ ಕೆಲಸ ನಡೆದಿದೆ. ಮೈಸೂರಿನಲ್ಲಿ ಆಹಾರ ಸಂಶೋಧನಾಲಯ ಇದೆ. ದೊಡ್ಡ ಅರಮನೆಯಂಥ ಕಟ್ಟಡ, ಮೈಸೂರಿಗೆ ಹೋದವರು ನೋಡಿರಬಹುದು. ಧಾನ್ಯದಲ್ಲಿ, ಹಾಲಿನಲ್ಲಿ ಬಿ.ಎಚ್.ಸಿ. ಉಳಿಯುತ್ತೆ ಅನ್ನೋದು ಆಹಾರದವರಿಗೆ ದೊಡ್ಡ ಚಿಂತೆಯಾಗಿತ್ತು. ಅಲ್ಲಿನ ಎಚ್.ಕೆ. ಮನೋನ್ಮಣಿ ಮತ್ತು ಸಂಗಡಿಗರು ಬಿ.ಎಚ್.ಸಿ. ಒಡೆಯುವ ಸೂಕ್ಷ್ಮಜೀವಿಗಳನ್ನು ಹುಡುಕಿದರು. ಒಂದೇ ಜಾತಿಯನ್ನು ಬೇರೆ ಮಾಡಿ ಇಡಲಿಲ್ಲ. ಗುಂಪನ್ನೇ ಬೆಳೆಸಿದರು. ಮೊದಲು ಸ್ವಲ್ಪವೇ ವಿಷ ಕೊಟ್ಟರು. ಅದು ರೂಢಿಯಾದ ಮೇಲೆ ಇನ್ನಷ್ಟು ಕೊಟ್ಟರು. ಹೀಗೆ ಮೆಲ್ಲಗೆ ರೂಢಿ ಮಾಡಿಸಿದಾಗ ಗುಂಪು ಮೊದಲಿಗಿಂತ ಚೆನ್ನಾಗಿ ಒಡೆಯತೊಡಗಿತು. 2000ನೇ ವರ್ಷ ಅದರ ಫಲ ಪ್ರಕಟಿಸಿದರು. ಮೊದಲ ದಿನವೇ ಸೊಸೆಗೆ ಇಪ್ಪತ್ತು ಜನರ ಅಡುಗೆ ಹೇಳಿದರೆ ಆಗುತ್ತಾ? ದಿನಾ ಒಂದೊಂದು ಪಾವು ಅಕ್ಕಿ ಹೆಚ್ಚಿಸಿದರೆ ಅವಳೇ ಮದುವೆ ಮನೆ ಅಡುಗೆ ಮಾಡ್ತಾಳೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲೂ ಸೈಪರ್‌ಮೆಥ್ರಿನ್ ಎಂಬ ಕೀಟನಾಶಕವನ್ನು ಒಡೆಯುವ ಬ್ಯಾಕ್ಟೀರಿಯಾವನ್ನು ಮಣ್ಣಿನಿಂದ ತೆಗೆದು ಬೆಳೆಸಿದ್ದಾರೆ.

ಬಿ.ಎಚ್.ಸಿ. ಕಥೆ ಇನ್ನೂ ಸ್ವಲ್ಪ ಇದೆ. ಇದರಿಂದ ‘ಲಿಂಡೇನ್’ ಎಂಬ ವಿಷ ತೆಗೀತಿದ್ದರು. 1 ಕಿಲೋ ಲಿಂಡೇನ್ ಮಾಡಿದರೆ 8ರಿಂದ 12 ಕಿಲೋ ಕೆಲಸಕ್ಕೆ ಬಾರದ ವಿಷದ ಕಸ ಉಳಿಯುತ್ತೆ. ಉತ್ತರ ಪ್ರದೇಶದ ಲಕ್ನೋ ಹತ್ತಿರ ಉಮ್ಮಾರಿ ಎಂಬ ಹಳ್ಳಿಯಲ್ಲಿ ಇಂಥ ಕಸ ರಾಶಿ ಸುರಿದಿದ್ದರು. ದೆಹಲಿ ವಿಶ್ವವಿದ್ಯಾಲಯದ ರೂಪ್ ಲಾಲ್ ಮತ್ತು ಅವರ ಶಿಷ್ಯರು ಆ ಮಣ್ಣನ್ನು ಪರೀಕ್ಷಿಸಿದರು. ಅಷ್ಟು ವಿಷದಲ್ಲೂ ಜೀವ ಇತ್ತು! ವಿಷ ಹೆಚ್ಚಿದ್ದ ಕಡೆ ವಿಷ ತಿನ್ನುವವೇ ಹೆಚ್ಚಾಗಿದ್ದವು. ಒಂದು ಹೊಸ ಬ್ಯಾಕ್ಟೀರಿಯಾಕ್ಕೆ ಉಮ್ಮಾರಿ ಊರಿನ ಹೆಸರನ್ನೇ ಇಟ್ಟರು. ಇಂಥ ಬ್ಯಾಕ್ಟೀರಿಯಾವನ್ನು ಕಾಳು ಬಿಡಿಸಿದ ಜೋಳದ ದಿಂಡಿನ ಪುಡಿಗೆ ಹಿಡಿಸಿ, ವಿಷದ ಮಣ್ಣಿಗೆ ಬೆರೆಸಿ ನೋಡಿದರು. ಮಣ್ಣಿನ ಬಿ.ಎಚ್.ಸಿ. ಕಡಿಮೆಯಾಯಿತು. ನಾವು ಬಿಸಾಡುವ ದಿಂಡು ಅವುಗಳಿಗೆ ಮನೆಯಾಯಿತು.

ಗುಂಪು ಕೆಲಸ ನೋಡಬೇಕಾದರೆ ನಮ್ಮ ಈ ಕಡೆಯೇ ಇನ್ನೊಂದು ಜಾಗ ಇದೆ. ನೀವು ಪಾತ್ರೆ ತೊಳೆದ ನೀರು, ಕಕ್ಕಸಿನ ನೀರು ಮೋರಿ ಸೇರಿ ಕೋರಮಂಗಲ-ಚಲ್ಲಘಟ್ಟ ಕಣಿವೆಗೆ ಇಳಿಯುತ್ತೆ. ಶುದ್ಧಿ ಆಗದೆ ಹೋದದ್ದು ಬೆಳ್ಳಂದೂರು ಕೆರೆ ಸೇರಿ ಏನಾಯಿತು ಅಂತ ಗೊತ್ತು. ನೊರೆ ರಸ್ತೆಗೆ ಬಂತು. 2017ರಲ್ಲಿ, 2018ರಲ್ಲಿ ಕೆರೆಗೇ ಬೆಂಕಿ ಬಿತ್ತು. ಶುದ್ಧಿ ಮಾಡುವ ಘಟಕದಲ್ಲಿ ದೊಡ್ಡ ತೊಟ್ಟಿಗಳಿವೆ. ಅದರೊಳಗೆ ಗಾಳಿ ಊದುತ್ತಾರೆ. ಕೊಳಕು ತಿನ್ನೋರು ನೂರಾರು ಜಾತಿಯ ಬ್ಯಾಕ್ಟೀರಿಯಾ. 2018ರಿಂದ ಆ ನೀರನ್ನು ಪೈಪಿನಲ್ಲಿ ಕೋಲಾರದ ಕೆರೆಗಳಿಗೆ ಬಿಡುತ್ತಿದ್ದಾರೆ. ಹಲಸೂರಿನ ಪಾತ್ರೆ ನೀರು ಕೋಲಾರಕ್ಕೆ, ಕೋಲಾರದ ಟೊಮೊಟೊ ಹಲಸೂರಿನ ಪಾತ್ರೆಗೆ! ಆದರೆ ಈ ಘಟಕಗಳನ್ನು ಕಟ್ಟಿರೋದು ಮನೆ ಕೊಳಕಿಗೆ. ಕೀಟನಾಶಕ ಸುರಿದರೆ ಅದು ತಾನಾಗಿ ಹೋಗುತ್ತೆ ಅಂತ ನಂಬಿ ಕೂರಬೇಡಿ.

ಹೋದ ವಾರ ಈ ಪಾಠದ ಮಾತು ತೆಗೆದಾಗ ಹೂ ಕಟ್ಟುವ ಅಕ್ಕ ಒಬ್ಬರು ಕೇಳಿದರು, “ಟೀಚರ್, ಹಾಗಾದರೆ ತರಕಾರಿಯನ್ನು ಮೊಸರಿನಲ್ಲಿ ತೊಳೆದರೆ ವಿಷ ಹೋಗುತ್ತಾ?” ಎಲ್ಲರೂ ನಕ್ಕರು. ನಗುವ ಪ್ರಶ್ನೆ ಅಲ್ಲ ಅದು. ಒಳ್ಳೆ ಪ್ರಶ್ನೆ. ಉತ್ತರ, ಇಲ್ಲ. ಮೊಸರಿನ ಬ್ಯಾಕ್ಟೀರಿಯಾಕ್ಕೆ ಹಾಲಿನ ವಿದ್ಯೆ ಗೊತ್ತು. ವಿಷ ಒಡೆಯಲು ಅದನ್ನು ನೆಚ್ಚಿಕೊಳ್ಳಲು ಆಗಲ್ಲ. ವಿಷ ತಿನ್ನುವ ಬ್ಯಾಕ್ಟೀರಿಯಾಕ್ಕೂ ದಿನಗಳು, ವಾರಗಳು ಬೇಕು. ತೇವ ಬೇಕು, ಬೆಚ್ಚಗಿರಬೇಕು, ಮಣ್ಣಿನಲ್ಲಿ ಗೊಬ್ಬರದ ಸತ್ವ ಇರಬೇಕು. ಒಣಗಿ ಬಿರುಕು ಬಿಟ್ಟ ನೆಲದಲ್ಲಿ, ಗೊಬ್ಬರವನ್ನೇ ಕಾಣದ ಹೊಲದಲ್ಲಿ ಅವು ಸೋಲುತ್ತವೆ. ಡಬ್ಬಿಯಿಂದ ನೇರ ಸುರಿದ ಗಟ್ಟಿ ವಿಷ ಅವುಗಳನ್ನೂ ಕೊಲ್ಲಬಹುದು.

ಇನ್ನೊಂದು ಮಾತು ಇದೆ. ಇದನ್ನು ಹೇಳದಿದ್ದರೆ ನಾನು ಅರ್ಧ ಸತ್ಯ ಹೇಳಿದ ಹಾಗೆ. ಒಡೆದದ್ದೆಲ್ಲ ಒಳ್ಳೇದಾಗೋದಿಲ್ಲ. ಎಂಡೋಸಲ್ಫಾನನ್ನು ಮಣ್ಣಿನ ಕೆಲವು ಜೀವಿಗಳು ಬದಲಾಯಿಸಿದಾಗ ಎಂಡೋಸಲ್ಫಾನ್ ಸಲ್ಫೇಟ್ ಎಂಬ ವಸ್ತು ಆಗುತ್ತೆ. ಅದು ಮೊದಲಿನಷ್ಟೇ ವಿಷ, ಮೊದಲಿಗಿಂತ ಹೆಚ್ಚು ದಿನ ಉಳಿಯುತ್ತೆ. ಬೇರೆ ಕೆಲವು ಜೀವಿಗಳು ಬೇರೆ ದಾರಿಯಲ್ಲಿ ಒಡೆದು, ಅಷ್ಟು ವಿಷವಲ್ಲದ ವಸ್ತು ಮಾಡುತ್ತವೆ. ಡಿ.ಡಿ.ಟಿ.ಯಿಂದ ಹುಟ್ಟುವ ಡಿ.ಡಿ.ಇ. ಕೂಡ ಹಾಗೇ ಹಟಮಾರಿ. ಗುಜರಿಯವನು ಬಾಗಿಲು ಬಿಚ್ಚಿ, ಎಂಜಿನ್ ಎಣ್ಣೆಯನ್ನು ಬೀದಿಗೆ ಚೆಲ್ಲಿ ಹೋದರೆ ಏನು ಬಂತು? ಅದಕ್ಕೇ ಗುಂಪು ಪೂರ್ತಿ ಇರಬೇಕು. ಮೊದಲನೆಯವರು ಬಿಟ್ಟದ್ದನ್ನು ಎತ್ತಿಕೊಳ್ಳಲು ಎರಡನೆಯವರು, ಅವರ ಹಿಂದೆ ಮೂರನೆಯವರು. ವಿಜ್ಞಾನಿಗಳು ಈಗ ಹುಡುಕೋದು ಇಂಥ ಪೂರ್ತಿ ಗುಂಪನ್ನು. ಪ್ರಯೋಗಶಾಲೆಯ ಸೀಸೆಯಲ್ಲಿ ಗೆದ್ದ ಗುಂಪು ಹೊಲದಲ್ಲಿ ಸೋಲುವುದೂ ಉಂಟು. ಹೊಲದಲ್ಲಿ ಬಿಸಿಲಿದೆ, ಮಳೆಯಿದೆ, ಆಗಲೇ ಅಲ್ಲಿ ಕೂತಿರುವ ಬೇರೆ ಕೋಟ್ಯಂತರ ಜೀವಿಗಳಿವೆ. ಹೊಸ ಸೊಸೆಗೆ ಜಾಗ ಬಿಡೋದು ಅಲ್ಲೂ ಕಷ್ಟವೇ.

ಇನ್ನು ನಮ್ಮ ಮನೆಯ ಮಾತು.

ತರಕಾರಿಯನ್ನು ಹೆಚ್ಚುವ ಮೊದಲೇ, ಹರಿಯುವ ನೀರಿನಲ್ಲಿ ಕೈಯಿಂದ ಉಜ್ಜಿ ತೊಳೆಯಿರಿ. ನಲ್ಲಿ ನೀರು ಬರದ ದಿನ ಎರಡು ಮೂರು ಸಲ ನೀರು ಬದಲಾಯಿಸಿ ತೊಳೆಯಿರಿ. ಎಲೆಕೋಸಿನ ಹೊರಗಿನ ಎಲೆ ತೆಗೆಯಿರಿ. ಮೇಲೆ ಅಂಟಿದ್ದು ಬಹಳಷ್ಟು ಹೋಗುತ್ತೆ. ಗಿಡದ ಒಳಗೆ ಇಳಿದ ವಿಷ ತೊಳೆದರೆ ಹೋಗಲ್ಲ, ನಿಜ. ಅದಕ್ಕೆ ರೈತ ಕೊಯ್ಲಿಗೆ ಮುಂಚೆ ಕಾಯಬೇಕಾದಷ್ಟು ದಿನ ಕಾಯಬೇಕು. ಊರಲ್ಲಿ ಹೊಲ ಇರುವವರು ಈ ಮಾತನ್ನು ಅಣ್ಣತಮ್ಮಂದಿರಿಗೆ ಹೇಳಿ. ವಿಷ ಹೊಡೆದ ಬಟ್ಟೆಯನ್ನು ಮಕ್ಕಳ ಬಟ್ಟೆ ಜೊತೆ ನೆನೆಸಬೇಡಿ. ಬೇರೆ ಒಗೆಯಿರಿ, ಒಗೆದ ಮೇಲೆ ಕೈಗೆ ಸೋಪು ಹಾಕಿ. ಸೊಪ್ಪಿನ ದಂಟು, ತರಕಾರಿ ಸಿಪ್ಪೆಯನ್ನು ಒಣಗಿದ ಎಲೆ ಜೊತೆ ಒಂದು ಹಳೇ ತೊಟ್ಟಿಯಲ್ಲಿ ಕೊಳೆಸಿ. ಎರಡು ಮೂರು ತಿಂಗಳಿಗೆ ಗೊಬ್ಬರವಾಗುತ್ತೆ. ಅದೇ ನಿಮ್ಮ ಮನೆಯ ಮುಯ್ಯಾಳುಗಳ ಕೇರಿ. ಅದರ ಸುತ್ತ ಇರುವೆ ಪುಡಿ ಎರಚಬೇಡಿ.

ಎಲ್ಲಕ್ಕಿಂತ ಮುಖ್ಯ, ವಿಷದ ಡಬ್ಬಿ. ಚೆನ್ನಾಗಿದೆ, ಮುಚ್ಚಳ ಗಟ್ಟಿ ಇದೆ ಅಂತ ತೊಳೆದು ಎಣ್ಣೆಗೆ, ನೀರಿಗೆ ಇಟ್ಟುಕೊಳ್ಳಬೇಡಿ. 2013ರ ಜುಲೈ 16ರಂದು ಬಿಹಾರದ ಗಂಡಮನ್ ಎಂಬ ಹಳ್ಳಿ ಶಾಲೆಯಲ್ಲಿ ಮಕ್ಕಳು ಬಿಸಿಯೂಟ ಉಂಡರು. ಅಡುಗೆ ಎಣ್ಣೆಯಲ್ಲಿ ‘ಮೋನೋಕ್ರೋಟೋಫಾಸ್’ ಎಂಬ ಕೀಟನಾಶಕ ಬೆರೆತಿತ್ತು. ಎಣ್ಣೆ ಇಟ್ಟಿದ್ದ ಡಬ್ಬಿಯಲ್ಲಿ ಮುಂಚೆ ಕೀಟನಾಶಕ ಇತ್ತು ಎಂದು ಆಗ ವರದಿಯಾಯಿತು. 23 ಮಕ್ಕಳು ಸತ್ತರು. ನಾನು ಶಾಲೆಯ ಟೀಚರ್. ಬಿಸಿಯೂಟದ ಗಂಟೆ ಹೊಡೆಯುವಾಗ ಈಗಲೂ ಆ ಸುದ್ದಿ ನೆನಪಾಗುತ್ತೆ. ಮಣ್ಣಿನ ಬ್ಯಾಕ್ಟೀರಿಯಾ ಎಷ್ಟೇ ಜಾಣರಾದರೂ ಊಟದ ತಟ್ಟೆಗೆ ಬಂದು ಕಾಪಾಡೋದಿಲ್ಲ.

ಈಗ ಹಲಗೆಯ ಪದಕ್ಕೆ ಬನ್ನಿ. ಕೀಟನಾಶಕದ ಡಬ್ಬಿ ಮೇಲೆ ಒಂದು ಚೌಕ ಇರುತ್ತೆ, ಗಾಳಿಪಟದ ಹಾಗೆ ಓರೆಯಾಗಿ ನಿಲ್ಲಿಸಿದ ಚೌಕ. ಅದರ ಕೆಳಗಿನ ಅರ್ಧಕ್ಕೆ ಬಣ್ಣ ಇರುತ್ತೆ. ಕೆಂಪು ಇದ್ದರೆ ಅತಿ ಕಡುವಿಷ. ತಲೆಬುರುಡೆಯ ಚಿತ್ರವೂ ಇರುತ್ತೆ. ಹಳದಿ ಇದ್ದರೆ ಕಡುವಿಷ. ನೀಲಿ ಅದಕ್ಕಿಂತ ಕಡಿಮೆ. ಹಸಿರು ಇನ್ನೂ ಕಡಿಮೆ. ಹಸಿರು ಅಂದ ಮಾತ್ರಕ್ಕೆ ಕುಡಿಯೋ ಹಾಗಿಲ್ಲ, ಅದೂ ವಿಷದ ಲೆಕ್ಕವೇ. ಒಳಗೆ ಮಡಿಸಿಟ್ಟ ಕಾಗದದಲ್ಲಿ ಹಲವು ಭಾಷೆ ಇರುತ್ತೆ. ಕನ್ನಡ ಇದ್ದರೆ ಓದಿ.

ಯಾರಾದರೂ ಗೊತ್ತಿಲ್ಲದೆ ಕುಡಿದರೆ, ಅಥವಾ ಹೊಡೆಯುವಾಗ ಮೈಗೆ ಹತ್ತಿ ಜೊಲ್ಲು, ಬೆವರು, ವಾಂತಿ ಬಂದರೆ, ಕಣ್ಣಿನ ಪಾಪೆ ಸಾಸಿವೆಯಷ್ಟು ಕಿರಿದಾದರೆ, ಉಸಿರು ಕಟ್ಟಿದರೆ, ಒಂದು ನಿಮಿಷವೂ ಕಾಯಬೇಡಿ. ಉಪ್ಪು ನೀರು ಕುಡಿಸಿ ವಾಂತಿ ಮಾಡಿಸಬೇಡಿ. ಒದ್ದೆ ಬಟ್ಟೆ ತೆಗೆದು, ಮೈಯನ್ನು ಸೋಪು ನೀರಿನಿಂದ ತೊಳೆದು, ಆಸ್ಪತ್ರೆಗೆ ಹೊರಡಿ. ಶಿವಾಜಿನಗರದವರಿಗೆ ಬೌರಿಂಗ್ ಆಸ್ಪತ್ರೆ ಹತ್ತಿರ. 108ಕ್ಕೆ ಫೋನು ಮಾಡಿ. ಡಬ್ಬಿಯನ್ನೋ ಅದರ ಚೀಟಿಯನ್ನೋ ಜೊತೆಗೆ ಒಯ್ಯಿರಿ. ಯಾವ ವಿಷ ಅಂತ ಗೊತ್ತಾದರೆ ಡಾಕ್ಟರಿಗೆ ಮದ್ದು ಕೊಡೋದು ಸುಲಭ.

ಗುರುವಾರದ ಮನೆಗೆಲಸ ಇದು. ನಿಮ್ಮ ಮನೆಯಲ್ಲಿ ಸೊಳ್ಳೆಗೆ, ಜಿರಲೆಗೆ, ಇರುವೆಗೆ, ಇಲಿಗೆ ಅಂತ ಏನೇನು ಇಟ್ಟಿದ್ದೀರಿ, ಹುಡುಕಿ. ಡಬ್ಬಿ ತರಬೇಡಿ. ಅದರ ಮೇಲಿರುವ ಹೆಸರನ್ನು, ಬಣ್ಣವನ್ನು ನೋಡಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬನ್ನಿ. ಇಂಗ್ಲಿಷ್ ಅಕ್ಷರ ಇದ್ದರೆ ಚಿತ್ರದ ಹಾಗೆ ನೋಡಿ ಬರೆಯಿರಿ, ಇಲ್ಲಿ ಕೂತು ಬಿಡಿಸೋಣ. ಬರೆದ ಮೇಲೆ ಡಬ್ಬಿಯನ್ನು ಮಗುವಿನ ಕೈಗೆ ಎಟುಕದ ಕಡೆ, ಅಡುಗೆ ಸಾಮಾನಿನಿಂದ ದೂರ ಇಟ್ಟು, ಕೈ ತೊಳೆದುಕೊಳ್ಳಿ.